ಲಾಭಕೋರತನ: ಹೆಸರಿದೆ, ಅಳತೆ ಇಲ್ಲ

ಅಕ್ಕಿ, ಬೇಳೆ, ಈರುಳ್ಳಿಯ ಬೆಲೆ ಏರಿದಾಗಲೆಲ್ಲ ಒಂದು ಪದ ತಪ್ಪದೆ ಕೇಳಿಬರುತ್ತದೆ. ಅದು ಲಾಭಕೋರತನ. ಸಚಿವರ ಹೇಳಿಕೆಯಲ್ಲಿ ಅದಿರುತ್ತದೆ. ವಿರೋಧ ಪಕ್ಷದವರ ಮನವಿಪತ್ರದಲ್ಲೂ, ಕಿರಾಣಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಗಿರಾಕಿಯ ಗೊಣಗಾಟದಲ್ಲೂ ಇರುತ್ತದೆ. ಆದರೆ ಲಾಭ ಎಲ್ಲಿಗೆ ಮುಗಿದು ಲಾಭಕೋರತನ ಎಲ್ಲಿಂದ ಆರಂಭವಾಗುತ್ತದೆ ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಕಿಲೋಗೆ ಎರಡು ರೂಪಾಯಿ ಇಟ್ಟುಕೊಂಡರೆ ವ್ಯಾಪಾರ, ಐದು ರೂಪಾಯಿ ಇಟ್ಟುಕೊಂಡರೆ ಅಪರಾಧ ಎಂದು ಗೆರೆ ಎಳೆದ ಕಾನೂನು ನಮ್ಮಲ್ಲಿ ಹೆಚ್ಚು ಕಾಲ ಬಾಳಿಲ್ಲ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಬಳ್ಳಾರಿ ಜಿಲ್ಲೆಗಿಂತ ಒಳ್ಳೆಯ ಜಾಗ ಕಡಿಮೆ. ತುಂಗಭದ್ರಾ ಬಲದಂಡೆಯ ಕಾಲುವೆಗಳ ನೀರುಂಡ ಸಿರುಗುಪ್ಪ ಭತ್ತದ ನಾಡು. ಇಲ್ಲಿನ ಮಾತಿನಲ್ಲಿ ಅದು 'ನೆಲ್ಲು'. ಊರ ಸುತ್ತ ಅಕ್ಕಿ ಗಿರಣಿಗಳಿವೆ. ಕುರುಗೋಡು ಭಾಗದಲ್ಲಿ ಭತ್ತದ ಜೊತೆಗೆ ಮೆಣಸಿನಕಾಯಿ ಬೆಳೆ. ಇವೆರಡನ್ನೂ ಕೊಂಡು ತಿನ್ನುವ ದೊಡ್ಡ ಪೇಟೆ ಬಳ್ಳಾರಿ ನಗರ. ಬೆಳೆಯುವವರು, ಗಿರಣಿಯವರು, ದಲಾಲರು, ಅಂಗಡಿಯವರು, ಕೊಳ್ಳುವವರು ಎಲ್ಲರೂ ಒಂದೇ ಜಿಲ್ಲೆಯೊಳಗೆ ಇದ್ದಾರೆ. ಅಕ್ಕಿ ತುಟ್ಟಿಯಾದಾಗ ನಗರದಲ್ಲಿ ಕೋಪ, ಅಗ್ಗವಾದಾಗ ಸಿರುಗುಪ್ಪದಲ್ಲಿ ಸಂಕಟ. ಒಬ್ಬರ 'ನ್ಯಾಯಬೆಲೆ' ಇನ್ನೊಬ್ಬರಿಗೆ ಅನ್ಯಾಯವಾಗಿ ಕಾಣುವುದು ಇಲ್ಲಿ ಹೊಸದಲ್ಲ.

ಕೌಟಿಲ್ಯನಿಂದ ಕಾಯ್ದೆಯವರೆಗೆ

ಲಾಭಕ್ಕೆ ಮಿತಿ ಹಾಕುವ ಆಲೋಚನೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಸ್ಥಳೀಯ ಸರಕಿಗೆ ನೂರಕ್ಕೆ ಐದು, ಹೊರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭ ಸಾಕು ಎಂದು ನಿಗದಿ ಮಾಡುತ್ತದೆ. ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದರೆ ಅಥವಾ ಬೆಲೆ ಏರಿಸಿದರೆ ಸಾವಿರ ಪಣ ದಂಡ ಎನ್ನುತ್ತದೆ. ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ ಎಂಬುದನ್ನು ಗಮನಿಸಬೇಕು. ಮೊದಲನೆಯದು ಹೆಚ್ಚು ಲಾಭ, ಎರಡನೆಯದು ಕೂಟ ಕಟ್ಟುವುದು. ಇಂದಿನ ಚರ್ಚೆಯಲ್ಲಿ ಇವೆರಡೂ ಒಂದೇ ಪದದೊಳಗೆ ಕಲಸಿಹೋಗಿವೆ.

ಎರಡನೆಯ ಮಹಾಯುದ್ಧದ ಅಭಾವದ ನಡುವೆ 1943ರಲ್ಲಿ ಬ್ರಿಟಿಷ್ ಸರ್ಕಾರ ದಾಸ್ತಾನು ಮತ್ತು ಲಾಭಕೋರತನ ತಡೆ ಸುಗ್ರೀವಾಜ್ಞೆ ಹೊರಡಿಸಿತು. ಸ್ವಾತಂತ್ರ್ಯಾನಂತರ ಬಂದ 1955ರ ಅಗತ್ಯ ವಸ್ತುಗಳ ಕಾಯ್ದೆ ಬೆಲೆ ನಿಗದಿ, ಲೈಸೆನ್ಸ್, ದಾಸ್ತಾನು ಮಿತಿ, ಇದ್ದ ಸರಕನ್ನು ಮಾರುವಂತೆ ಆದೇಶಿಸುವುದು ಮುಂತಾದ ಅಧಿಕಾರಗಳನ್ನು ಸರ್ಕಾರಕ್ಕೆ ಕೊಟ್ಟಿತು. 1980ರ ಕಾಳಸಂತೆ ತಡೆ ಕಾಯ್ದೆ ಆರು ತಿಂಗಳವರೆಗೆ ಮುಂಜಾಗ್ರತಾ ಬಂಧನಕ್ಕೂ ಅವಕಾಶ ನೀಡಿತು. ಆದರೆ 1955ರ ಕಾಯ್ದೆ ಲಾಭಕೋರತನ ಎಂದರೆ ಏನು ಎಂದು ಎಲ್ಲೂ ವ್ಯಾಖ್ಯಾನಿಸುವುದಿಲ್ಲ. ಸರ್ಕಾರದ ಆದೇಶವನ್ನು ಮೀರಿದರೆ ತಪ್ಪು, ಅಷ್ಟೆ. ಆದೇಶ ಇಲ್ಲದ ದಿನ ಅದೇ ವ್ಯಾಪಾರ ಸಕ್ರಮ.

ಲಾಭದ ಮಾತಿರಲಿ, 'ಆಹಾರ' ಯಾವುದು ಎಂಬುದಕ್ಕೇ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅರಿಸಿನ ಆಹಾರ ಪದಾರ್ಥವೇ ಎಂಬ ಮೊಕದ್ದಮೆಯಲ್ಲಿ 1952ರಲ್ಲಿ ನ್ಯಾಯಾಲಯ ಹೌದು ಎಂದು ತೀರ್ಪು ನೀಡಿತು. ಅಡುಗೆಗೆ ಬೀಳುವ ಪದಾರ್ಥವೂ ಆಹಾರವೇ ಎಂಬುದು ಅದರ ಸಾರ.

ಧಾತು ಬರದ ಪಾಠ

ವ್ಯಾಖ್ಯಾನ ಕಷ್ಟ ಎಂದು ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಯ ಇತಿಹಾಸವೇ ಸಾಕ್ಷಿ. 1876ರಲ್ಲಿ ಮುಂಗಾರು ಕೈಕೊಟ್ಟಾಗ ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ತತ್ತರಿಸಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನರ ನೆನಪಿನಲ್ಲಿ ಅದು ಧಾತು ಬರ. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು.

ಮದರಾಸಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಆ ವರ್ಷದ ಕೊನೆಯಲ್ಲಿ ಅರ್ಬತ್‌ನಾಟ್ ಕಂಪನಿಯ ಮೂಲಕ ಗುಟ್ಟಾಗಿ 30,000 ಟನ್ ಧಾನ್ಯ ಖರೀದಿಗೆ ಮುಂದಾದರು. ವರ್ತಕರು ಬೆಲೆಯನ್ನು ಕೈಗೆಟುಕದಂತೆ ಏರಿಸಿದರೆ ಸರ್ಕಾರದ ಬಳಿ ಸ್ವಲ್ಪ ಧಾನ್ಯವಿರಲಿ ಎಂಬುದು ಅದರ ಲೆಕ್ಕಾಚಾರ. ವೈಸ್‌ರಾಯ್ ಲಿಟ್ಟನ್ ಅವರ ಸರ್ಕಾರ ಇದನ್ನು ಒಪ್ಪಲಿಲ್ಲ. ಸರ್ಕಾರ ಧಾನ್ಯ ಕೊಂಡರೆ ಖಾಸಗಿ ವ್ಯಾಪಾರಿ ಹೆದರಿ ಹಿಂದೆ ಸರಿಯುತ್ತಾನೆ. ಅವನನ್ನು ಅವನ ಪಾಡಿಗೆ ಬಿಟ್ಟರೆ ಬೆಲೆ ಹೆಚ್ಚಿರುವ ಕಡೆಗೆ ಧಾನ್ಯ ತಾನಾಗಿ ಹರಿಯುತ್ತದೆ ಎಂಬುದು ಅದರ ನಂಬಿಕೆ. 1877ರಲ್ಲಿ ಪರಿಶೀಲನೆಗೆ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಕೂಲಿಯನ್ನೂ ಕಡಿತಗೊಳಿಸಿದರು. ದಿನಕ್ಕೆ ಒಂದು ಪೌಂಡ್ ಧಾನ್ಯದ ಆ ಲೆಕ್ಕವನ್ನು ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಬಹಿರಂಗವಾಗಿಯೇ ವಿರೋಧಿಸಿದರು.

ಲಿಟ್ಟನ್ ಸರ್ಕಾರದ ನಂಬಿಕೆಯ ಹಿಂದೆ ಆಡಂ ಸ್ಮಿತ್ 1776ರಲ್ಲಿ ಮಂಡಿಸಿದ ವಾದವಿತ್ತು. ಅಭಾವದ ವರ್ಷ ಧಾನ್ಯ ವ್ಯಾಪಾರಿ ಮೊದಲೇ ಬೆಲೆ ಏರಿಸುವುದರಿಂದ ಜನ ಮೊದಲಿನಿಂದಲೇ ಕಡಿಮೆ ತಿನ್ನುತ್ತಾರೆ, ಇದ್ದ ಧಾನ್ಯ ಮುಂದಿನ ಸುಗ್ಗಿಯವರೆಗೆ ಬರುತ್ತದೆ; ದೂರ ಪ್ರಯಾಣದಲ್ಲಿ ದಿನಸಿ ಕಡಿಮೆಯಾದಾಗ ಹಡಗಿನ ನಾಯಕ ಊಟದ ಪಾಲನ್ನು ಇಳಿಸುವಂತೆ. ದಾಸ್ತಾನುಕೋರರ ಬಗೆಗಿನ ಭಯವನ್ನು ಸ್ಮಿತ್ ಮಾಟಮಂತ್ರದ ಭಯಕ್ಕೆ ಹೋಲಿಸಿದ್ದರು.

ವಾದ ಜಾಣತನದ್ದು. ಆದರೆ ಹಡಗಿನ ನಾಯಕ ಎಲ್ಲರಿಗೂ ಪಾಲು ಇಳಿಸುತ್ತಾನೆ. ಬೆಲೆ ಹಾಗಲ್ಲ, ಅದು ಬಡವನ ಪಾಲನ್ನು ಮಾತ್ರ ಇಳಿಸುತ್ತದೆ. ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಧಾನ್ಯ ಇರುವ ಊರಿನಲ್ಲೂ ಅದನ್ನು ಪಡೆಯುವ ಶಕ್ತಿ ಇಲ್ಲದವರು ಹಸಿವಿನಿಂದ ಸಾಯಬಹುದು. ಬಳ್ಳಾರಿಗೆ ಆ ಹೊತ್ತಿಗಾಗಲೇ ರೈಲು ಬಂದಿತ್ತು. ಕೂಲಿ ಸಿಗದವನಿಗೆ, ದನ ಸತ್ತ ರೈತನಿಗೆ ರೈಲಿನಲ್ಲಿ ಬಂದ ಧಾನ್ಯದಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಆಗ ಮಾರಿದ ವರ್ತಕ ಯಾವ ಕಾನೂನನ್ನೂ ಮುರಿದಿರಲಿಲ್ಲ. ಲಾಭಕೋರತನ ಎಂಬ ಪದಕ್ಕೆ ಇಷ್ಟೊಂದು ಕೋಪ ಅಂಟಿಕೊಂಡಿರುವುದರ ಮೂಲ ಇಂತಹ ಅನುಭವಗಳಲ್ಲೇ ಇದೆ.

ಒಂದು ಚೀಲದ ಲೆಕ್ಕ

ಈಗ ಇಂದಿನ ಸಿರುಗುಪ್ಪಕ್ಕೆ ಬರೋಣ. ಈ ಭಾಗದಲ್ಲಿ ನೆಲ್ಲಿನ ಬೆಲೆ ಮಾತಾಡುವುದು 75 ಕಿಲೋ ಚೀಲದ ಲೆಕ್ಕದಲ್ಲಿ. 2024–25ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,300 ರೂ. ಬೆಂಬಲ ಬೆಲೆ ನಿಗದಿ ಮಾಡಿತ್ತು. ಚೀಲಕ್ಕೆ 1,725 ರೂ. ಆಯಿತು. ಸರ್ಕಾರಿ ಖರೀದಿಯ ಲೆಕ್ಕದಲ್ಲಿ ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ ಬರಬೇಕು. ಅಂದರೆ ಚೀಲಕ್ಕೆ ಸುಮಾರು 50 ಕಿಲೋ. ಬೇರೆ ಯಾವ ಖರ್ಚನ್ನೂ ಸೇರಿಸದೆ ಅಕ್ಕಿ ಕಿಲೋಗೆ 34 ರೂ. 50 ಪೈಸೆ ಬಿತ್ತು.

ಲೆಕ್ಕ ಇಷ್ಟು ಸರಳವಾಗಿದ್ದರೆ ಲಾಭಕೋರನನ್ನು ಹಿಡಿಯುವುದೂ ಸುಲಭವಾಗುತ್ತಿತ್ತು. ಆದರೆ ಪೇಟೆಯ ಗಿರಾಕಿ ಕೇಳುವುದು ನುಚ್ಚಿಲ್ಲದ, ಹೊಳೆಯುವ ಸೋನಾ ಮಸೂರಿ. ಉದಾಹರಣೆಗೆ, ಅದೇ ಚೀಲದಲ್ಲಿ 45 ಕಿಲೋ ಇಡೀ ಅಕ್ಕಿ, 5 ಕಿಲೋ ನುಚ್ಚು ಬಂತೆನ್ನಿ. ಭತ್ತದ ಪೂರ್ತಿ ಬೆಲೆಯನ್ನು ಇಡೀ ಅಕ್ಕಿಯ ಮೇಲೆ ಹೇರಿದರೆ ಕಿಲೋಗೆ 38 ರೂ. ದಾಟುತ್ತದೆ. ನುಚ್ಚು, ತೌಡು, ಹೊಟ್ಟು ಮಾರಿ ಬಂದ ಹಣವನ್ನು ಕಳೆದರೆ ಇಳಿಯುತ್ತದೆ. ಎಷ್ಟು ಕಳೆಯಬೇಕು? ಅದು ತೌಡಿನ ಎಣ್ಣೆ ತೆಗೆಯುವವರು ಕೊಡುವ ದರದ ಮೇಲೆ, ಹೊಟ್ಟು ಗಿರಣಿಯಲ್ಲೇ ಉರಿಯಿತೋ ಹೊರಗೆ ಮಾರಾಟವಾಯಿತೋ ಎಂಬುದರ ಮೇಲೆ ನಿಂತಿದೆ. ಹಮಾಲಿ, ಲಾರಿ ಬಾಡಿಗೆ, ವಿದ್ಯುತ್, ಚೀಲ, ಮಾರುಕಟ್ಟೆ ಶುಲ್ಕ, ಬಡ್ಡಿ ಇವೆಲ್ಲ ಬೇರೆ. ಒಂದೇ ಚೀಲಕ್ಕೆ ಇಬ್ಬರು ಪ್ರಾಮಾಣಿಕ ಲೆಕ್ಕಿಗರು ಕಿಲೋಗೆ ಮೂರು ನಾಲ್ಕು ರೂಪಾಯಿ ವ್ಯತ್ಯಾಸದ 'ಅಸಲು' ಹೇಳಬಹುದು. ಅಸಲೇ ಗಟ್ಟಿ ಇಲ್ಲದಾಗ ಲಾಭ ಎಷ್ಟೆಂದು ಹೇಳುವುದು ಹೇಗೆ?

ಅಂಗಡಿಯವರ ಲೆಕ್ಕದಲ್ಲೂ ಇಂತಹದೇ ತೊಡಕು. ನೂರಕ್ಕೆ ಹತ್ತು ಲಾಭ ಇಡುವ ವ್ಯಾಪಾರಿ 40 ರೂಪಾಯಿಯ ಅಕ್ಕಿಯಲ್ಲಿ ನಾಲ್ಕು ರೂ. ಪಡೆಯುತ್ತಾನೆ. ಅಸಲು 60 ಆದಾಗ ಅದೇ ಹತ್ತರ ಲೆಕ್ಕಕ್ಕೆ ಆರು ರೂ. ಬರುತ್ತದೆ. ಶೇಕಡಾವಾರು ನೋಡಿದರೆ ಅವನು ಬದಲಾಗಿಲ್ಲ. ರೂಪಾಯಿ ನೋಡಿದರೆ ಜನರ ಕಷ್ಟಕಾಲದಲ್ಲಿ ಅವನ ಗಳಿಕೆ ಒಂದೂವರೆ ಪಟ್ಟು.

ಇನ್ನೊಂದು ಪ್ರಶ್ನೆ ಹಳೆಯ ಸರಕಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದಾಗ, ಬೆಳೆಗೆ ನೀರು ಸಿಕ್ಕೀತೇ ಎಂಬ ಆತಂಕ ಅಚ್ಚುಕಟ್ಟಿನ ಉದ್ದಕ್ಕೂ ಹರಡಿತು. ಇಂತಹ ಸುದ್ದಿ ಬಂದ ದಿನ ಮಳಿಗೆಯಲ್ಲಿರುವ ಅಕ್ಕಿ ನಿನ್ನೆಯ ದರಕ್ಕೆ ಕೊಂಡದ್ದು. ಅದನ್ನು ನಾಳೆಯ ದರಕ್ಕೆ ಮಾರುವುದು ಸರಿಯೇ? 'ಇದನ್ನು ಮಾರಿ ಮತ್ತೆ ಕೊಳ್ಳಬೇಕಾದರೆ ಹೊಸ ದರವನ್ನೇ ಕೊಡಬೇಕಲ್ಲ' ಎಂಬುದು ವರ್ತಕರ ಸಮರ್ಥನೆ. ಅದರಲ್ಲಿ ಹುರುಳಿದೆ. ಆದರೆ ದರ ಇಳಿದಾಗ ಇದೇ ವರ್ತಕರು 'ಹಳೆಯ ದರದ ಸರಕು' ಎಂದು ಬೆಲೆ ಇಳಿಸಲು ತಡಮಾಡಿದರೆ, ಆ ಸಮರ್ಥನೆ ಅಲ್ಲಿಗೇ ಕುಸಿಯುತ್ತದೆ.

ಹಳೆ ಅಕ್ಕಿ, ತಣ್ಣನೆಯ ಮೆಣಸಿನಕಾಯಿ

ದಾಸ್ತಾನು ಎಂದೊಡನೆ ಕತ್ತಲ ಗೋದಾಮು ಕಣ್ಣಿಗೆ ಬರುತ್ತದೆ. ಆದರೆ ಬಳ್ಳಾರಿಯ ಮನೆಗಳಲ್ಲಿ ಹೊಸ ಅಕ್ಕಿಗೆ ಅಷ್ಟು ಬೆಲೆಯಿಲ್ಲ. ಅನ್ನ ಮುದ್ದೆಯಾಗುತ್ತದೆ ಎಂಬ ದೂರು. ಹಳೆ ಅಕ್ಕಿಯೇ ಬೇಕು. ಹಳತಾಗಬೇಕಾದರೆ ಯಾರಾದರೂ ಅದನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಲೇಬೇಕು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಿಡಿದರೂ 34 ರೂ. 50 ಪೈಸೆಯ ಅಕ್ಕಿ ಹತ್ತು ತಿಂಗಳಲ್ಲಿ ಸುಮಾರು ಮೂರೂವರೆ ರೂಪಾಯಿ ಬಡ್ಡಿಯನ್ನೇ ತಿನ್ನುತ್ತದೆ. ಒಣಗಿ ತೂಕ ಇಳಿಯುವುದು, ಹುಳು, ಇಲಿ, ಗೋದಾಮಿನ ಬಾಡಿಗೆ ಇದರ ಮೇಲೆ. ಹೀಗೆ ಇಟ್ಟ ಚೀಲವೊಂದು ಗಿರಾಕಿ ಕೇಳಿದ ರುಚಿಗಾಗಿ ಇಟ್ಟದ್ದೋ ಬೆಲೆ ಏರಲಿ ಎಂದು ಇಟ್ಟದ್ದೋ? ಚೀಲವನ್ನು ನೋಡಿದರೆ ತಿಳಿಯುವುದಿಲ್ಲ. ಬಹುಮಟ್ಟಿಗೆ ಎರಡೂ ನಿಜ.

ಕುರುಗೋಡಿನ ಮೆಣಸಿನಕಾಯಿ ಈ ಗೊಂದಲವನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಒಣಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟರೆ ಬಣ್ಣ ಕೆಡದೆ ತಿಂಗಳುಗಟ್ಟಲೆ ಉಳಿಯುತ್ತದೆ. ಸುಗ್ಗಿಯಲ್ಲಿ ದರ ಬಿದ್ದರೆ ಅನುಕೂಲಸ್ಥ ರೈತನೂ ವರ್ತಕನೂ ಅಲ್ಲಿಡುತ್ತಾರೆ. ಅನುಕೂಲ ಇಲ್ಲದ ರೈತ ಸಿಕ್ಕ ದರಕ್ಕೆ ಮಾರುತ್ತಾನೆ. ಬಳ್ಳಾರಿ ಜಿಲ್ಲೆಯ ಮೆಣಸಿನಕಾಯಿ ಹೆಚ್ಚಾಗಿ ಹೋಗುವ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚ್ 11ರಂದು ದರ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅಂದಿನ ಆರೋಪ ಕೊಳ್ಳುವವರ ಮೇಲಿತ್ತು. ಅಗ್ಗಕ್ಕೆ ಕೊಂಡು ಲಾಭ ಮಾಡುವುದೂ ಲಾಭಕೋರತನವೇ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಗ್ರಾಹಕರ ದೃಷ್ಟಿಯಿಂದ ಬರೆದ ನಮ್ಮ ಕಾನೂನುಗಳಲ್ಲಿ ಅದಕ್ಕೆ ಉತ್ತರವಿಲ್ಲ.

ರೈತ ಸುಗ್ಗಿಯಲ್ಲೇ ಮಾರಿ ಮೋಸಹೋಗಬಾರದು ಎಂದು ಸರ್ಕಾರವೇ ಅಡಮಾನ ಸಾಲ, ಉಗ್ರಾಣ ರಸೀದಿಯ ಮೇಲೆ ಸಾಲ ಮುಂತಾದ ಸೌಲಭ್ಯ ಕಲ್ಪಿಸಿದೆ. ಅಂದರೆ 'ಬೆಲೆ ಬರುವವರೆಗೆ ಇಟ್ಟುಕೊಳ್ಳಿ' ಎಂಬುದೇ ಸಲಹೆ. ವರ್ತಕ ಅದನ್ನೇ ಮಾಡಿದರೆ ದಾಸ್ತಾನು ಮಿತಿಯ ಆದೇಶ ಬರುತ್ತದೆ. ಇಂತಹ ಆದೇಶಗಳು ಸಾಮಾನ್ಯವಾಗಿ ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ, ಗಿರಣಿಯವರಿಗೆ ಅನ್ವಯಿಸುತ್ತವೆ. ಗೆರೆ ಎಳೆದಿರುವುದು ಕೆಲಸವನ್ನು ನೋಡಿ ಅಲ್ಲ, ಮಾಡುವವರನ್ನು ನೋಡಿ. ಅದಕ್ಕೆ ಕಾರಣವೂ ಇದೆ. ಕಾಯುವ ಶಕ್ತಿ ಇಬ್ಬರಿಗೂ ಸಮನಾಗಿಲ್ಲ.

ಅಂಕಿಯ ಬೇಲಿಗಳು

ಅಂಕಿಯಿಂದಲೇ ಗೆರೆ ಎಳೆಯುವ ಪ್ರಯತ್ನಗಳೂ ನಡೆದಿವೆ. 1977ರಲ್ಲಿ ಕೇಂದ್ರ ಸರ್ಕಾರ ಸಾಸಿವೆ ಎಣ್ಣೆಗೆ ಕಿಲೋಗೆ 10 ರೂ. ಗರಿಷ್ಠ ದರ ಗೊತ್ತು ಮಾಡಿತು. ನಮ್ಮ ಅಸಲೇ ಅದಕ್ಕಿಂತ ಹೆಚ್ಚು ಎಂದು ಗಿರಣಿಗಳವರು ಕೋರ್ಟಿಗೆ ಹೋದರು. 1978ರ ಪ್ರಾಗ್ ಐಸ್ ಅಂಡ್ ಆಯಿಲ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಬೆಲೆ ನಿಯಂತ್ರಣದ ಮುಖ್ಯ ಉದ್ದೇಶ ಗ್ರಾಹಕನಿಗೆ ನ್ಯಾಯಬೆಲೆಯಲ್ಲಿ ವಸ್ತು ಸಿಗುವುದು ಎಂಬುದು ಅದರ ನಿಲುವು. ಆದರೆ ತೀರ್ಪು ಬರುವ ಮೊದಲೇ ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತ್ತು. ಕಾಗದದ ಮೇಲೆ ಬೆಲೆ ನಿಂತರೂ ಅಂಗಡಿಯಲ್ಲಿ ಎಣ್ಣೆ ನಿಲ್ಲಬೇಕಲ್ಲ.

2020ರ ತಿದ್ದುಪಡಿ ಬೇರೆ ಅಂಕಿಯನ್ನು ಹಿಡಿಯಿತು. ಹಿಂದಿನ 12 ತಿಂಗಳ ದರ ಅಥವಾ ಐದು ವರ್ಷದ ಸರಾಸರಿ, ಇವೆರಡರಲ್ಲಿ ಕಡಿಮೆಯಾದುದಕ್ಕಿಂತ ತರಕಾರಿ, ಹಣ್ಣುಗಳ ಬೆಲೆ ಶೇ 100, ಬೇಗ ಕೆಡದ ಕೃಷಿ ಆಹಾರ ಪದಾರ್ಥಗಳ ಬೆಲೆ ಶೇ 50 ಏರಿದರೆ ಮಾತ್ರ ದಾಸ್ತಾನು ಮಿತಿ ಹೇರಬಹುದು ಎಂದಿತು. ಅಕ್ಕಿ ಶೇ 49 ಏರಿದರೆ ಕೂಲಿಕಾರನ ಮನೆಗೆ ಅದು ಸಹಜ ಏರಿಕೆಯೇ ಎಂಬ ಪ್ರಶ್ನೆ ಎದ್ದಿತು. ಕೃಷಿ ಕಾಯ್ದೆಗಳ ಜೊತೆಗೆ ಈ ತಿದ್ದುಪಡಿಯೂ 2021ರಲ್ಲಿ ರದ್ದಾಯಿತು.

ಲಾಭಕೋರತನವನ್ನು ನೇರವಾಗಿ ಹೆಸರಿಸಿ ವ್ಯಾಖ್ಯಾನಿಸಲು ಹೊರಟಿದ್ದು 2017ರ ಜಿಎಸ್‌ಟಿ ಕಾಯ್ದೆಯ 171ನೇ ಕಲಂ. ಅಲ್ಲಿ ಅದರ ಅರ್ಥ ಕಿರಿದು. ತೆರಿಗೆ ಇಳಿದರೆ ಅಷ್ಟರ ಮಟ್ಟಿಗೆ ಬೆಲೆ ಇಳಿಸಬೇಕು, ಇಳಿಸದಿದ್ದರೆ ಅದು ಲಾಭಕೋರತನ. ಇಷ್ಟು ಕಿರಿದಾದ ವ್ಯಾಖ್ಯಾನವೂ ಜಗಳಕ್ಕೆ ಬಿತ್ತು. 2017ರ ನವೆಂಬರಿನಲ್ಲಿ ಹೋಟೆಲುಗಳ ತೆರಿಗೆ ಶೇ 5ಕ್ಕೆ ಇಳಿದಾಗ, ಕೊಂಡ ಸಾಮಗ್ರಿಯ ಮೇಲಿನ ತೆರಿಗೆ ವಾಪಸಾತಿಯೂ ನಿಂತಿತು. ಆ ನಷ್ಟವನ್ನು ಎಷ್ಟೆಂದು ಕಳೆಯುವುದು? 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಈ ಕಲಮನ್ನು ಎತ್ತಿಹಿಡಿಯುತ್ತಲೇ, ಎಲ್ಲ ಪ್ರಕರಣಗಳಿಗೂ ಹೊಂದುವ ಒಂದೇ ಗಣಿತ ಸೂತ್ರ ಸಾಧ್ಯವಿಲ್ಲ ಎಂದು ಹೇಳಿತು. 2025ರ ಏಪ್ರಿಲ್ 1ರಿಂದ ಇಂತಹ ಹೊಸ ದೂರುಗಳ ಸ್ವೀಕಾರವನ್ನೇ ನಿಲ್ಲಿಸಲಾಯಿತು.

ಅಂಕಿಯ ಬೇಲಿ ಹಾಕಿದರೆ ಬೇಲಿಯ ಪಕ್ಕದಲ್ಲೇ ದಾರಿ ಹುಟ್ಟುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ತೆರಿಗೆ ಬಂತು. ಬೇಗನೆ ಪೇಟೆಯಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡಿತು. ತೆರಿಗೆ ತಪ್ಪಿದ ಹಣ ಗಿರಾಕಿಗೆ ಹೋಯಿತೋ ವ್ಯಾಪಾರಿಗೆ ಉಳಿಯಿತೋ ಎಂಬುದು ಚೀಲದ ಮೇಲೆ ಬರೆದಿರುವುದಿಲ್ಲ.

ಸರ್ಕಾರದ ಅಕ್ಕಿಗೂ ಹಲವು ಬೆಲೆ

ಸರ್ಕಾರವೇ ಅಕ್ಕಿಯ ದೊಡ್ಡ ವ್ಯಾಪಾರಿ ಎಂಬುದನ್ನು ಮರೆಯುವಂತಿಲ್ಲ. 2023ರ ಜೂನ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕರ್ನಾಟಕ ಸರ್ಕಾರ ಆ ಜುಲೈನಿಂದ ಕಿಲೋಗೆ 34 ರೂ.ನಂತೆ ತಲಾ 170 ರೂ. ಕೊಟ್ಟಿತು. 2024ರ ಫೆಬ್ರುವರಿಯಲ್ಲಿ ಕೇಂದ್ರವು 'ಭಾರತ್' ಹೆಸರಿನ ಅಕ್ಕಿಯನ್ನು 29 ರೂ.ಗೆ ಮಾರಿತು. 2025ರ ಜನವರಿಯಲ್ಲಿ ರಾಜ್ಯಗಳಿಗೆ ಕೊಡುವ ದರ 22 ರೂ. 50 ಪೈಸೆಗೆ ಇಳಿಯಿತು. ಒಂದೂವರೆ ವರ್ಷದಲ್ಲಿ ಸರ್ಕಾರಿ ಅಕ್ಕಿಗೇ ಮೂರು ಬೆಲೆ. ಇವುಗಳಲ್ಲಿ ಯಾವುದನ್ನು 'ನ್ಯಾಯಬೆಲೆ' ಎಂದು ಹಿಡಿದು ವರ್ತಕರನ್ನು ಅಳೆಯುವುದು?

2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಷೇಧವಾಗಿ 2024ರ ಸೆಪ್ಟೆಂಬರಿನವರೆಗೆ ಉಳಿಯಿತು. ಉದ್ದೇಶ ಕೊಳ್ಳುವವರ ರಕ್ಷಣೆ. ಆದರೆ ಹೊರಗಿನ ಗಿರಾಕಿ ತಪ್ಪಿದರೆ ಬೆಳೆದವರ ಕೈಗೆ ಬರಬಹುದಾದ ಬೆಲೆಯೂ ತಪ್ಪುತ್ತದೆ. ವರ್ತಕರ ಲಾಭಕ್ಕೆ ಹಾಕಿದ ಕಡಿವಾಣ ಕೆಲವೊಮ್ಮೆ ಗದ್ದೆಯವರೆಗೂ ಎಳೆಯುತ್ತದೆ.

ಹಿಡಿಯಬಹುದಾದುದು ಯಾವುದು?

ಹಾಗಾದರೆ ಲಾಭಕೋರತನ ಎಂಬುದೇ ಇಲ್ಲವೇ? ಇದೆ. ಅದನ್ನು ಬೆಲೆಯ ಚೀಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ ಅಷ್ಟೆ. ಹೆಚ್ಚಿದ ಬೆಲೆ ಅಭಾವದಿಂದಲೂ ಬರುತ್ತದೆ, ಖರ್ಚಿನಿಂದಲೂ ಬರುತ್ತದೆ, ಮೋಸದಿಂದಲೂ ಬರುತ್ತದೆ. ಮೂರರ ಮುಖವೂ ಒಂದೇ. ಆದರೆ ಸರಕನ್ನು ಮುಚ್ಚಿಟ್ಟು ಇಲ್ಲವೆನ್ನುವುದು, ನಾಲ್ಕು ಜನ ಕೂಡಿ ದರ ಕಟ್ಟುವುದು, ತೂಕದಲ್ಲಿ ಕಡಿಮೆ ಕೊಡುವುದು, ಪಡಿತರ ಅಕ್ಕಿಯನ್ನು ಪಾಲಿಶ್ ಮಾಡಿ ಬೇರೆ ಚೀಲಕ್ಕೆ ತುಂಬುವುದು, ಇವು ಸಾಕ್ಷ್ಯದಿಂದ ತೋರಿಸಬಹುದಾದ ಕೃತ್ಯಗಳು. ಕೌಟಿಲ್ಯ ಬೇರೆಯಾಗಿ ಎಣಿಸಿದ ಎರಡನೆಯ ತಪ್ಪು ಇವುಗಳಿಗೆ ಹತ್ತಿರದ್ದು. ಅಕ್ಕಿ ದಾಸ್ತಾನನ್ನು ಪ್ರತಿವಾರ ಸರ್ಕಾರದ ಜಾಲತಾಣದಲ್ಲಿ ಘೋಷಿಸಬೇಕೆಂದು 2024ರ ಫೆಬ್ರುವರಿಯಲ್ಲಿ ಕೇಂದ್ರ ಹೊರಡಿಸಿದ ಆದೇಶದ ಹಿಂದೆ ಇದೇ ತರ್ಕವಿತ್ತು. ಇಟ್ಟುಕೊಳ್ಳುವುದು ತಪ್ಪಲ್ಲ, ಇಟ್ಟದ್ದನ್ನು ಮುಚ್ಚಿಡುವುದು ತಪ್ಪು.

ಧಾತು ಬರದ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ. ಯಾರೂ ಕೂಟ ಕಟ್ಟದೆ, ಯಾರೂ ಮುಚ್ಚಿಡದೆ ಬೆಲೆ ಬಡವರ ಕೈಮೀರಿ ಹೋಗಬಹುದು. ಆಗ ಅಪರಾಧಿಯನ್ನು ಹುಡುಕುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ. ಆ ಹೊತ್ತಿಗೆ ಬೇಕಾದದ್ದು ಉಗ್ರಾಣದಲ್ಲಿ ಧಾನ್ಯ, ಪಡಿತರ ಅಂಗಡಿಯಲ್ಲಿ ಅಕ್ಕಿ, ಕೈಯಲ್ಲಿ ಕೂಲಿ. ಲಾಭಕೋರತನದ ವ್ಯಾಖ್ಯಾನಕ್ಕಾಗಿ ಕಾಯದೆಯೇ ಸರ್ಕಾರ ಇಷ್ಟನ್ನು ಮಾಡಬಹುದು. 1876ರಲ್ಲಿ ಬಕಿಂಗ್‌ಹ್ಯಾಮ್ ಡ್ಯೂಕ್ ಗುಟ್ಟಾಗಿ ಮಾಡಹೊರಟದ್ದು ಇಂದು ಬಹಿರಂಗ ನೀತಿಯಾಗಿದೆ. ಸಿರುಗುಪ್ಪದ ನೆಲ್ಲಿಗೆ ಒಳ್ಳೆಯ ದರ ಬಂದ ವರ್ಷವೂ ಬಳ್ಳಾರಿಯ ಹಮಾಲರ ಮನೆಯಲ್ಲಿ ಒಲೆ ಉರಿಯಬೇಕಾದರೆ ಆ ನೀತಿ ಉಳಿಯಬೇಕು.